ಆಪರೇಷನ್‌ಗೆ ಮೊದಲು ಮೀಟರ್ ಲೆಕ್ಕ: ಶ್ವಾಸಕೋಶದ ರೋಗಿಗೆ ಮೆಟ್ಟಿಲು ಮತ್ತು ಷಟಲ್ ಪರೀಕ್ಷೆ ಮಾಡುವ ಕ್ರಮ

"ಎರಡು ಮಹಡಿ ಹತ್ತಿದರು, ತೊಂದರೆ ಇಲ್ಲ." ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಶ್ವಾಸಕೋಶದ ಆಪರೇಷನ್‌ಗೆಂದು ಹೈದರಾಬಾದಿಗೋ ಬೆಂಗಳೂರಿಗೋ ಹೋಗುವ ಫೈಲಿನಲ್ಲಿ ಇಂಥದೊಂದು ಸಾಲಿದ್ದರೆ ಓದುವ ಸರ್ಜನ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಮಹಡಿ ಎಷ್ಟು ಎತ್ತರದ್ದು? ಒಂದೇ ದಮ್ಮಿಗೆ ಹತ್ತಿದರೋ, ನಡುವೆ ಕಂಬಿ ಹಿಡಿದು ನಿಂತರೋ? ನಿಂತದ್ದು ಉಸಿರು ಹತ್ತಿಯೋ, ಮೊಣಕಾಲು ನೋವಿಗೋ? ಯಾವುದೂ ಇಲ್ಲ. ಹಾಗಾಗಿ ಅಲ್ಲಿ ಎಲ್ಲವೂ ಮೊದಲಿನಿಂದ, ರೋಗಿಯ ಮನೆಯವರಿಗೆ ಇನ್ನೆರಡು ದಿನದ ಲಾಡ್ಜ್ ಬಾಡಿಗೆ.

ಒಂದು ಅಳತೆ ಟೇಪು, ಒಂದು ಸ್ಟಾಪ್‌ವಾಚ್, ನಂಬಿಕಸ್ಥ ಪಲ್ಸ್ ಆಕ್ಸಿಮೀಟರ್, ಹತ್ತು ಮೀಟರ್ ವರಾಂಡ ಇದ್ದರೆ ಮೆಟ್ಟಿಲು ಹತ್ತಿಸಿ ನೋಡುವ, ಇಲ್ಲವೇ ಎರಡು ಕೋನ್ ನಡುವೆ ಹೋಗಿ ಬರುತ್ತ ನಡೆಸಿ ನೋಡುವ (ಇದೇ ಷಟಲ್) ಪರೀಕ್ಷೆಯನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಮುಗಿಸಬಹುದು. ಚೆನ್ನಾಗಿ ನಡೆದವರಿಗೆ ದೊಡ್ಡ ಯಂತ್ರದ ಪರೀಕ್ಷೆಯ ಖರ್ಚು ಉಳಿಯುತ್ತದೆ. ಇದು ಫಿಸಿಯೋಥೆರಪಿಸ್ಟ್, ನರ್ಸಿಂಗ್ ಸಿಬ್ಬಂದಿ, ಕಿರಿಯ ವೈದ್ಯರಿಗಾಗಿ ಬರೆದದ್ದು. ಮನೆಯವರು ಓದಿದರೂ ಅರ್ಥವಾಗುತ್ತದೆ.

ನಡೆಸಿ ನೋಡುವುದು ಏತಕ್ಕೆ

ಶ್ವಾಸಕೋಶದ ಒಂದು ಭಾಗ ತೆಗೆದ ಮೇಲಿನ ಮೊದಲ ವಾರ ದೇಹಕ್ಕೆ ಒಂದು ಓಟದ ಸ್ಪರ್ಧೆ ಇದ್ದಂತೆ. ಗಾಯದ ನೋವು, ಜ್ವರ, ಕೆಮ್ಮಿ ಕಫ ತೆಗೆಯುವ ದುಡಿಮೆ ಎಲ್ಲದಕ್ಕೂ ಆಮ್ಲಜನಕ ಹೆಚ್ಚು ಬೇಕು. ಒದಗಿಸುವ ಶ್ವಾಸಕೋಶ ಮಾತ್ರ ಚಿಕ್ಕದಾಗಿರುತ್ತದೆ. ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ನೋಡುವ ಪರೀಕ್ಷೆ, ತಿದಿಯ ಬಲವನ್ನಷ್ಟೇ ಹೇಳುತ್ತದೆ. ಹೃದಯ, ರಕ್ತ, ಕಾಲಿನ ಸ್ನಾಯು ಜೊತೆಗೂಡಿ ಎಳೆಯಬಲ್ಲವೇ ಎಂಬುದು ಮೆಟ್ಟಿಲ ಮೇಲೆ ಗೊತ್ತಾಗುತ್ತದೆ. ನ್ಯುಮೋನಿಯಾ, ಶ್ವಾಸಕೋಶ ಮುದುಡಿಕೊಳ್ಳುವುದು, ವೆಂಟಿಲೇಟರ್ ಬೇಕಾಗುವುದು, ಹೃದಯದ ತಾಳ ತಪ್ಪುವುದು, ಇವುಗಳ ಸುಳಿವನ್ನು ಈ ಪರೀಕ್ಷೆ ಕೊಡುತ್ತದೆ. ಹೊಲಿಗೆಯ ಜಾಗದಿಂದ ಗಾಳಿ ಸೋರುವುದು, ರಕ್ತಸ್ರಾವದಂಥವನ್ನು ಮೀಟರ್ ಲೆಕ್ಕದಲ್ಲಿ ಹುಡುಕಬೇಡಿ.

ಮೊದಲು ಕಾಗದದ ಮೇಲೆ ಲೆಕ್ಕ

ಎಲ್ಲರನ್ನೂ ಮೆಟ್ಟಿಲು ಹತ್ತಿಸಬೇಕಿಲ್ಲ. ಎರಡು ಅಂಕಿ ಮೊದಲು ಬೇಕು: ಒಂದು ಸೆಕೆಂಡಿನಲ್ಲಿ ಊದುವ ಗಾಳಿ, ಅಂದರೆ ಎಫ್‌ಇವಿ1, ಮತ್ತು ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ, ಡಿಎಲ್‌ಸಿಒ. ಎರಡನ್ನೂ ಆ ವಯಸ್ಸು, ಎತ್ತರಕ್ಕೆ ಇರಬೇಕಾದ್ದರ ಶೇಕಡಾವಾರು ಲೆಕ್ಕದಲ್ಲಿ ತೆಗೆದುಕೊಳ್ಳಿ. ಎಫ್‌ಇವಿ1 ಇನ್‌ಹೇಲರ್ ಕೊಟ್ಟ ನಂತರದ್ದಾಗಿರಲಿ.

ಶ್ವಾಸಕೋಶದ ದೊಡ್ಡ ಹೋಳು ಲೋಬ್, ಅದರೊಳಗಿನ ಚಿಕ್ಕ ಭಾಗ ಸೆಗ್ಮೆಂಟ್; ಒಟ್ಟು 19 ಸೆಗ್ಮೆಂಟ್. ಬಲಗಡೆ 10: ಮೇಲಿನ ಲೋಬಿನಲ್ಲಿ 3, ನಡುವಿನದರಲ್ಲಿ 2, ಕೆಳಗಿನದರಲ್ಲಿ 5. ಎಡಗಡೆ 9: ಮೇಲೆ 5, ಕೆಳಗೆ 4. ಬಲ ಮೇಲಿನ ಲೋಬ್ ತೆಗೆಯುವುದಿದೆ, ಎಫ್‌ಇವಿ1 ಶೇ. 62 ಇದೆ ಎನ್ನಿ. ಉಳಿಯುವುದು 16 ಸೆಗ್ಮೆಂಟ್: 62 × 16 ÷ 19 = ಶೇ. 52. ಡಿಎಲ್‌ಸಿಒ ಶೇ. 55 ಇದ್ದರೆ ಅದೇ ಗುಣಾಕಾರದಲ್ಲಿ ಶೇ. 46.

ನಮ್ಮ ಕಡೆ ಲೆಕ್ಕ ತಪ್ಪುವುದು ಇಲ್ಲೇ. ಇಲ್ಲಿ ಆಪರೇಷನ್‌ಗೆ ಬರುವವರಲ್ಲಿ ಬೀಡಿಯಿಂದಾದ ಕ್ಯಾನ್ಸರ್‌ನವರು ಇರುವಂತೆ ಹಳೆಯ ಟಿಬಿಯಿಂದ ಶ್ವಾಸಕೋಶ ಕೆಟ್ಟವರೂ ಇದ್ದಾರೆ. ಕೆಟ್ಟು ಕುಸಿದ ಸೆಗ್ಮೆಂಟ್ ಈಗಲೇ ಕೆಲಸ ಮಾಡುತ್ತಿಲ್ಲ. ಅದನ್ನು ತೆಗೆದರೆ ಕಳೆದುಕೊಳ್ಳುವುದೇನೂ ಇಲ್ಲ. ಆದ್ದರಿಂದ ಕೆಲಸ ಮಾಡುವ ಸೆಗ್ಮೆಂಟ್ ಮಾತ್ರ ಎಣಿಸಬೇಕು. ಇಡೀ ಎಡ ಶ್ವಾಸಕೋಶ ತೆಗೆಯುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಬರಿ ಎಣಿಕೆಯಲ್ಲಿ 62 × 10 ÷ 19 = ಶೇ. 33 ಬರುತ್ತದೆ, ನೋಡಿದವರು ಹೆದರುತ್ತಾರೆ. ಪರ್ಫ್ಯೂಷನ್ ಸ್ಕ್ಯಾನಿನಲ್ಲಿ ಆ ಎಡ ಶ್ವಾಸಕೋಶಕ್ಕೆ ಒಟ್ಟು ರಕ್ತದಲ್ಲಿ ಶೇ. 15 ಮಾತ್ರ ಹೋಗುತ್ತಿದೆ ಎಂದು ಕಂಡರೆ ನಿಜವಾದ ಲೆಕ್ಕ 62 × 0.85 = ಶೇ. 53. ಇಡೀ ಶ್ವಾಸಕೋಶ ತೆಗೆಯುವ ಮಾತು ಬಂದಾಗ ಈ ಸ್ಕ್ಯಾನ್ ಇಲ್ಲದೆ ಮುಂದುವರಿಯಬೇಡಿ.

ಉಳಿಯುವ ಎರಡೂ ಅಂಕಿ ಶೇ. 60ಕ್ಕಿಂತ ಮೇಲಿದ್ದರೆ ಅಪಾಯ ಕಡಿಮೆ, ನಡಿಗೆ ಪರೀಕ್ಷೆಯ ಅಗತ್ಯವಿಲ್ಲ. ಎರಡೂ 30ಕ್ಕಿಂತ ಮೇಲಿದ್ದು, ಯಾವುದಾದರೂ ಒಂದು 60ಕ್ಕಿಂತ ಕಡಿಮೆ ಇದ್ದರೆ ಮೆಟ್ಟಿಲು ಅಥವಾ ಷಟಲ್. ಯಾವುದಾದರೂ ಒಂದು 30ಕ್ಕಿಂತ ಕೆಳಗಿದ್ದರೆ ನೇರ ಸಿಪಿಇಟಿಗೆ, ಅಂದರೆ ಮಾಸ್ಕ್ ಹಾಕಿ ಸೈಕಲ್ ತುಳಿಸಿ ಉಸಿರು ಅಳೆಯುವ ದೊಡ್ಡ ಯಂತ್ರದ ಪರೀಕ್ಷೆಗೆ ಕಳಿಸಿ. ಇದು ಅಮೆರಿಕದ ಎದೆರೋಗ ತಜ್ಞರ ಸಂಘ ಎಸಿಸಿಪಿ 2013ರಲ್ಲಿ ಕೊಟ್ಟ ದಾರಿ. ಯುರೋಪಿನ 2009ರ ದಾರಿ ಇನ್ನೂ ಬಿಗಿ: ಆಪರೇಷನ್‌ಗೆ ಮೊದಲಿನ ಎಫ್‌ಇವಿ1, ಡಿಎಲ್‌ಸಿಒ ಎರಡೂ ಶೇ. 80ರ ಮೇಲಿಲ್ಲದಿದ್ದರೆ ವ್ಯಾಯಾಮ ಪರೀಕ್ಷೆ ಬೇಕೇ ಬೇಕು. ಯಂತ್ರ ದೂರ ಇರುವ ಜಿಲ್ಲೆಗಳಿಗೆ ಮೊದಲನೆಯದೇ ಹೊಂದುತ್ತದೆ.

ಹಿಮೋಗ್ಲೋಬಿನ್ ನೋಡದೆ ಡಿಎಲ್‌ಸಿಒ ಓದಬೇಡಿ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು 1.34 ಮಿಲಿ ಆಮ್ಲಜನಕ. 14 ಇದ್ದವರ ಪ್ರತಿ 100 ಮಿಲಿ ರಕ್ತ ಸುಮಾರು 18.8 ಮಿಲಿ ಹೊತ್ತರೆ 8 ಇದ್ದವರದು ಹೊರುವುದು 10.7 ಮಾತ್ರ. ಡಿಎಲ್‌ಸಿಒ ಇಳಿಯುತ್ತದೆ, ನಡೆಯುವ ದೂರವೂ ಇಳಿಯುತ್ತದೆ, ತಪ್ಪು ಶ್ವಾಸಕೋಶದ ತಲೆಗೆ ಬರುತ್ತದೆ. ಹಿಮೋಗ್ಲೋಬಿನ್‌ಗೆ ಸರಿಪಡಿಸಿದ ಡಿಎಲ್‌ಸಿಒ ಕೊಡಿ ಎಂದು ಲ್ಯಾಬಿಗೆ ಬರೆದು ಕೇಳಿ.

ಹೃದಯದ ಕಡೆಯೂ ಒಂದು ಕಣ್ಣಿರಲಿ. ಇಡೀ ಶ್ವಾಸಕೋಶ ತೆಗೆಯುವುದಿದ್ದರೆ 1.5 ಅಂಕ, ಹೃದಯದ ರಕ್ತನಾಳದ ರೋಗವಿದ್ದರೆ 1.5, ಹಿಂದೆ ಲಕ್ವಾ ಹೊಡೆದಿದ್ದರೆ 1.5, ಕ್ರಿಯಾಟಿನಿನ್ 2ಕ್ಕಿಂತ ಹೆಚ್ಚಿದ್ದರೆ 1. ಕೂಡಿದಾಗ 2 ಅಥವಾ ಹೆಚ್ಚು ಬಂದರೆ ಮೊದಲು ಹೃದ್ರೋಗ ತಜ್ಞರು ನೋಡಲಿ, ಆಮೇಲೆ ನಡೆಸುವ ಮಾತು.

ಯಾರನ್ನು ನಡೆಸಬಾರದು

ಕಳೆದ ಒಂದು ತಿಂಗಳಲ್ಲಿ ಹೃದಯಾಘಾತ ಆದವರು, ಕುಳಿತಲ್ಲೇ ಎದೆನೋವು ಬರುವವರು, ಹತೋಟಿಗೆ ಬಾರದ ಹೃದಯ ವೈಫಲ್ಯ, ತಲೆಸುತ್ತು ತರುವ ತಾಳದೋಷ, ಲಕ್ಷಣ ತೋರಿಸುತ್ತಿರುವ ತೀವ್ರ ಅಯೋರ್ಟಿಕ್ ಸ್ಟೆನೋಸಿಸ್ (ಹೃದಯದಿಂದ ಮಹಾಧಮನಿಗೆ ತೆರೆಯುವ ಕವಾಟ ಕಿರಿದಾಗಿರುವುದು), ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು, ಜೋರಾಗಿರುವ ಅಸ್ತಮಾ: ಇವರನ್ನು ನಡೆಸಬೇಡಿ. ಕುಳಿತಾಗಲೇ ನಾಡಿ 120 ದಾಟಿದ್ದರೆ, ಬಿಪಿ 180/100 ಮೀರಿದ್ದರೆ, ಆಮ್ಲಜನಕ ಶೇ. 85 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವೈದ್ಯರನ್ನು ಕರೆಯಿರಿ.

ಇಲ್ಲಿಯ ರೋಗಿಗಳಿಗೆ ಎರಡು ಮಾತು ಹೆಚ್ಚಿಗೆ. ಟಿಬಿಯ ಗುಳಿಯಲ್ಲಿ ಶಿಲೀಂಧ್ರದ ಗಂಟು ಕಟ್ಟಿದವರು ಕೆಮ್ಮಿದಾಗ ರಕ್ತ ಉಗುಳುತ್ತಾರೆ. ಈಚೆಗೆ ಹೆಚ್ಚು ರಕ್ತ ಹೋಗಿದ್ದರೆ ಊದಿಸುವುದೂ ಬೇಡ, ಓಡಿಸುವುದೂ ಬೇಡ. ಇನ್ನೊಂದು, ಕಫದಲ್ಲಿ ಟಿಬಿ ಇನ್ನೂ ಇದೆಯೇ ಎಂಬುದು ಇತ್ಯರ್ಥವಾಗುವವರೆಗೆ ವಾರ್ಡಿನ ವರಾಂಡದಲ್ಲಿ ಏದುಸಿರು ಬಿಡಿಸಬೇಡಿ. ಪಕ್ಕದ ಬೆಡ್ಡಿನವರ ಗತಿಯನ್ನೂ ನೋಡಬೇಕಲ್ಲ.

ಮೆಟ್ಟಿಲೋ, ಷಟಲ್ಲೋ

ಮೆಟ್ಟಿಲ ಪರೀಕ್ಷೆಯಲ್ಲಿ 22 ಮೀಟರ್ ಎತ್ತರ ಹತ್ತಿದರೆ ಅಪಾಯ ಕಡಿಮೆ ಎಂದು ಲೆಕ್ಕ. ಒಂದು ಮಹಡಿ ಮೂರೂವರೆ ಮೀಟರ್ ಎಂದರೂ ಆರು ಮಹಡಿ ಮೀರಿ ಹತ್ತಬೇಕು. ಅಷ್ಟು ಎತ್ತರದ ಆಸ್ಪತ್ರೆ ಕಟ್ಟಡ ತಾಲೂಕಿನಲ್ಲಿ ಎಲ್ಲಿಂದ ಬರಬೇಕು? ಮೂರು ಮಹಡಿಗೆ ಹತ್ತೂವರೆ ಮೀಟರ್ ಆಗುವಷ್ಟರಲ್ಲಿ ಟೆರೇಸಿನ ಬಾಗಿಲು, ಅದಕ್ಕೊಂದು ಬೀಗ. ಕೆಳಗಿಳಿಸಿ ಮತ್ತೆ ಹತ್ತಿಸಿ ಕೂಡಿಸಿದರಾಯಿತು ಎನ್ನುವವರಿದ್ದಾರೆ. ಅದು ತಪ್ಪು. ಇಳಿಯುವಾಗ ಉಸಿರಿಗೆ ಬಿಡುವು ಸಿಗುತ್ತದೆ, ಕಾಲಿಗೆ ಬೇರೆ ಥರದ ಪೆಟ್ಟು ಬೀಳುತ್ತದೆ. ಬಂದ ಅಂಕಿಯನ್ನು ಯಾವ ಪಟ್ಟಿಗೂ ಹೋಲಿಸಲಾಗದು.

ಆರೇಳು ಮಹಡಿ ಮತ್ತು ಇಳಿಸಲು ಲಿಫ್ಟ್ ಎರಡೂ ಇದ್ದರೆ ಮೆಟ್ಟಿಲು. ಇಲ್ಲದಿದ್ದರೆ ಷಟಲ್. ಬೀದರ್, ಯಾದಗಿರಿ, ಸುರಪುರ, ಸೇಡಂ, ಎಲ್ಲಿಯೇ ಆಗಲಿ ಹತ್ತು ಮೀಟರ್ ವರಾಂಡ ಸಿಗುತ್ತದೆ.

ಆರು ನಿಮಿಷದ ನಡಿಗೆಯೇ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲಿ ವೇಗ ರೋಗಿಯ ಕೈಯಲ್ಲಿರುತ್ತದೆ. ಹೆದರಿದವರು ಮೆಲ್ಲಗೆ ನಡೆದು ಮುಗಿಸುತ್ತಾರೆ. ಶ್ವಾಸಕೋಶ ತೆಗೆಯಬಹುದೋ ಇಲ್ಲವೋ ಎಂದು ಆರಿಸಲು ಯುರೋಪಿನ ಮಾರ್ಗಸೂಚಿ ಅದನ್ನು ಒಪ್ಪುವುದಿಲ್ಲ. "ಟಿಎಂಟಿ ಮಾಡಿಸೇವ್ರಿ" ಎಂದು ಮನೆಯವರು ಕಾಗದ ತೋರಿಸುತ್ತಾರೆ. ಅದು ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯಕ್ಕೆ ರಕ್ತ ಸಾಲುತ್ತಿದೆಯೇ ಎಂದು ನೋಡಿದ್ದು, ಫೈಲಿನಲ್ಲಿರಲಿ, ಆದರೆ ಇದರ ಬದಲಿಗೆ ಆಗದು.

ಮೆಟ್ಟಿಲು ಅಳೆಯುವುದು

ಒಂದು ಮೆಟ್ಟಿಲು ಅಳೆದು ಒಟ್ಟು ಮೆಟ್ಟಿಲಿಗೆ ಗುಣಿಸಿದರೆ ಮೋಸ ಹೋಗುತ್ತೀರಿ. ನಮ್ಮ ಕಟ್ಟಡಗಳಲ್ಲಿ ಕಾಂಕ್ರೀಟ್ ಮೆಟ್ಟಿಲ ಮೇಲೆ ಆಮೇಲೆ ಶಹಾಬಾದ್ ಫರಸಿ ಹಾಸುತ್ತಾರೆ. ನೆಲಕ್ಕೆ ಹಾಸಿದ ದಪ್ಪ ಒಂದು, ಮೆಟ್ಟಿಲಿಗೆ ಹಾಸಿದ್ದು ಇನ್ನೊಂದು. ಮೊದಲ ಮೆಟ್ಟಿಲು ಗಿಡ್ಡವೋ ಕೊನೆಯದು ಎತ್ತರವೋ ಆಗಿರುತ್ತದೆ. ಪ್ರತಿ ಮೆಟ್ಟಿಲಿನ ನೇರ ಎತ್ತರವನ್ನು ಟೇಪಿನಿಂದ ಅಳೆದು ಕೂಡಿಸುತ್ತ ಹೋಗಿ. ಮಧ್ಯದ ಲ್ಯಾಂಡಿಂಗ್‌ನಲ್ಲಿ ನಡೆದದ್ದು ಎತ್ತರದ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ಅಳೆದರೆ ವರ್ಷಗಟ್ಟಲೆ ಸಾಕು. ಲೆಕ್ಕವನ್ನು ಗೋಡೆಗಲ್ಲ, ನಿಮ್ಮ ರಿಜಿಸ್ಟರಿಗೆ ಅಂಟಿಸಿ. 22 ಎಂದು ಗೋಡೆಯ ಮೇಲೆ ಕಂಡರೆ ರೋಗಿ ಸರಿಯಾಗಿ ಅಲ್ಲಿಗೇ ನಿಲ್ಲುತ್ತಾನೆ.

ಮೆಟ್ಟಿಲು 15 ಸೆಂಟಿಮೀಟರ್ ಇದ್ದರೆ 22 ಮೀಟರಿಗೆ 147 ಮೆಟ್ಟಿಲು. 18 ಇದ್ದರೆ 123. "ನೂರು ಮೆಟ್ಟಿಲು ಹತ್ತಿದರು" ಎಂಬ ಒಂದೇ ಮಾತು ಒಂದು ಕಟ್ಟಡದಲ್ಲಿ 15 ಮೀಟರ್, ಇನ್ನೊಂದರಲ್ಲಿ 18.

ಹತ್ತಿಸುವಾಗ ರೋಗಿಯ ಒಂದು ಮೆಟ್ಟಿಲು ಕೆಳಗೆ, ಪಕ್ಕಕ್ಕೆ ನೀವು. ಇನ್ನೊಬ್ಬರು ಎಣಿಸಲಿ. ಪ್ರತಿ ಲ್ಯಾಂಡಿಂಗ್‌ನಲ್ಲಿ ಒಂದು ಕುರ್ಚಿ ಇರಲಿ, ಆದರೆ ದಾರಿಗೆ ಅಡ್ಡ ಬೇಡ. ಒರೆಸಿದ ಫರಸಿ ಒಣಗದೆ ಯಾರನ್ನೂ ಹತ್ತಿಸಬೇಡಿ, ಒದ್ದೆ ಶಹಾಬಾದ್ ಕಲ್ಲು ಎಣ್ಣೆ ಹಚ್ಚಿದಂತಿರುತ್ತದೆ. ಹವಾಯಿ ಚಪ್ಪಲಿಗಿಂತ ಬರಿಗಾಲು ವಾಸಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಲು, ಧೋತರ ಎತ್ತಿ ಕಟ್ಟಲು ಮೊದಲೇ ಹೇಳಿ.

ಹೇಳುವ ಮಾತು ಎಲ್ಲ ರೋಗಿಗೂ ಒಂದೇ ಇರಬೇಕು. ಬರೆದಿಟ್ಟುಕೊಂಡು ಓದಿ: "ಮುತ್ಯಾ, ಈ ಪಾವಟಗಿ ನಿಮ್ಮ ಚಾಲೀಲೆ ಹತ್ತರಿ. ಓಡೋದು ಬ್ಯಾಡ, ನಡಕ ನಿಂದ್ರೋದೂ ಬ್ಯಾಡ. ಕಂಬಿ ಹಿಡದು ಜಗ್ಗಬ್ಯಾಡ್ರಿ, ತೋಲ ತಪ್ಪಿದ್ರ ಅಷ್ಟೇ ಮುಟ್ರಿ. ಇನ್ನ ಆಗಂಗಿಲ್ಲ ಅನಸ್ತಂದ್ರ ನಿಂತು ಹೇಳ್ರಿ. ಎದಿ ನೋವಾದ್ರ, ಚಕ್ಕರ್ ಬಂದ್ರ ತಡಕೋಬ್ಯಾಡ್ರಿ, ಆಗಿಂದಾಗ ಹೇಳ್ರಿ." ಬೀದರಿನಲ್ಲಿ ಇದನ್ನೇ ದಖನಿಯಲ್ಲಿ, ಗುರುಮಠಕಲ್ ಕಡೆ ತೆಲುಗಿನಲ್ಲಿ ಹೇಳಬೇಕಾಗಬಹುದು. ಮೂರನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೊಳ್ಳಿ.

ನಿಂತರೆ ಪರೀಕ್ಷೆ ಮುಗಿಯಿತು. ಸುಧಾರಿಸಿಕೊಂಡು ಮತ್ತೆ ಹತ್ತಿದ್ದು ಲೆಕ್ಕಕ್ಕಿಲ್ಲ. ಅಲ್ಲೇ ಕೂರಿಸಿ, ಮೆಟ್ಟಿಲು, ಸಮಯ, ನಾಡಿ, ಆಮ್ಲಜನಕ ಬರೆದು, ಗಾಲಿಕುರ್ಚಿಯಲ್ಲಿ ಲಿಫ್ಟಿನಿಂದ ಇಳಿಸಿ. ಸೋತ ಕಾಲಿನಲ್ಲಿ ಇಳಿಯುವಾಗಲೇ ಜನ ಬೀಳುವುದು.

ಷಟಲ್: ಹತ್ತು ಮೀಟರಿನ ಹಾದಿ

ಎರಡು ಕೋನ್‌ಗಳ ನಡುವೆ 9 ಮೀಟರ್ ಇರಬೇಕು, 10 ಅಲ್ಲ. ತಿರುಗುವಾಗ ಎರಡೂ ಕಡೆ ಅರ್ಧ ಅರ್ಧ ಮೀಟರ್ ಸುತ್ತು ಸೇರಿ ಒಂದು ಷಟಲ್‌ಗೆ 10 ಮೀಟರ್ ಆಗುತ್ತದೆ. 10 ಮೀಟರಿಗೆ ಕೋನ್ ಇಟ್ಟರೆ ರೋಗಿ ಪ್ರತಿ ಸಲವೂ ಹೆಚ್ಚು ನಡೆದು ಬೇಗ ಸೋಲುತ್ತಾನೆ. ತುಂಬಾ ಕಡೆ ಆಗುವ ತಪ್ಪು ಇದೇ. ಫರಸಿಕಲ್ಲು ಎಣಿಸಿ ದೂರ ಅಂದಾಜು ಮಾಡಬೇಡಿ, ಟೇಪು ಹಿಡಿಯಿರಿ. ಕೋನ್ ಇಲ್ಲದಿದ್ದರೆ ಹಗುರ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ. ಇಟ್ಟಂಗಿ ಬೇಡ, ಎಡವುತ್ತಾರೆ.

ಪೀಂ ಶಬ್ದದ ಧ್ವನಿಮುದ್ರಣಕ್ಕೆ ತಕ್ಕಂತೆ ನಡೆಯುವುದು ಈ ಪರೀಕ್ಷೆ. ಮೊದಲ ನಿಮಿಷ ಗಂಟೆಗೆ 1.8 ಕಿ.ಮೀ. ವೇಗ, ಮುಂದೆ ಪ್ರತಿ ನಿಮಿಷಕ್ಕೆ ಸೆಕೆಂಡಿಗೆ 0.17 ಮೀಟರಿನಷ್ಟು ಹೆಚ್ಚುತ್ತ ಒಟ್ಟು 12 ಹಂತ. ಮೊದಲ ಹಂತದಲ್ಲಿ 3 ಷಟಲ್, ನಂತರ ಪ್ರತಿ ಹಂತಕ್ಕೂ ಒಂದು ಹೆಚ್ಚು. ಕೂಡುತ್ತ ಹೋದರೆ 3, 7, 12, 18, 25, 33, 42. ಅಂದರೆ ಐದನೇ ಹಂತ ಮುಗಿದಾಗ 250 ಮೀಟರ್. ಅಪಾಯ ಕಡಿಮೆ ಎನ್ನಲು ಬೇಕಾದ 400 ಮೀಟರ್ ಸಿಗುವುದು ಏಳನೇ ಹಂತದ ಕೊನೆಗೆ, ಎರಡು ಷಟಲ್ ಬಾಕಿ ಇರುವಾಗ. ಆ ಹಂತದ ವೇಗ ಗಂಟೆಗೆ ಸುಮಾರು 5.5 ಕಿ.ಮೀ. ಗಿಡ್ಡ ಕಾಲಿನವರು ಅಲ್ಲಿ ಬಿರುಸಾಗಿ ಹೆಜ್ಜೆ ಹಾಕಬೇಕಾಗುತ್ತದೆ.

ಮೊಬೈಲಿನಲ್ಲಿ ಧ್ವನಿ ಹಾಕುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ. ಆರನೇ ಹಂತದಲ್ಲಿ ಯಾರದೋ ಫೋನ್ ಬಂದು ಪೀಂ ನಿಂತರೆ ರೋಗಿಯ ಅಷ್ಟೂ ದುಡಿಮೆ ನೀರುಪಾಲು. ಮುದ್ರಣದ ಒಂದು ನಿಮಿಷವನ್ನು ಸ್ಟಾಪ್‌ವಾಚಿನಿಂದ ಮೊದಲೇ ತಾಳೆ ನೋಡಿ. ಮುದ್ರಣ ಇಂಗ್ಲಿಷಿನಲ್ಲಿದ್ದರೆ ಸೂಚನೆಯನ್ನು ಮೊದಲೇ ತಿಳಿಸಿ ಹೇಳಿ: "ಪೀಂ ಅಂದಾಗ ನೀವು ಆ ಕೋನ್ ಹತ್ರ ಇರಬೇಕ್ರಿ. ಮೊದಲೇ ಮುಟ್ಟಿದ್ರ ಅಲ್ಲೇ ನಿಂದ್ರರಿ, ಪೀಂ ಅಂದ ಮ್ಯಾಲ ತಿರಗ್ರಿ. ನಿಮಿಷಕ್ಕೊಮ್ಮಿ ಜರಾ ಜೋರ್ ಆಗ್ತದ." ಮೊದಲ ನಿಮಿಷ ಜೊತೆಗೆ ನಡೆದು ಚಾಲಿ ಹಿಡಿಸಬಹುದು, ಆಮೇಲೆ ದೂರ ಸರಿಯಿರಿ. ವೇಗ ಹೆಚ್ಚುತ್ತದೆ ಎಂಬುದೊಂದನ್ನು ಬಿಟ್ಟು ನಡುವೆ ಬೇರೆ ಮಾತಿಲ್ಲ. ಶಾಬಾಸ್, ಭಲೇ ಎಂದು ಹುರುಪು ತುಂಬುವ ಮನೆಯವರನ್ನು ಹೊರಗೆ ಕೂರಿಸಿ. ಒಬ್ಬರಿಗೆ ಹುರುಪು ಸಿಕ್ಕು ಇನ್ನೊಬ್ಬರಿಗೆ ಸಿಗದಿದ್ದರೆ ಹೋಲಿಕೆ ಕೆಡುತ್ತದೆ.

ಪೀಂ ಅಂದಾಗ ರೋಗಿ ಕೋನಿನಿಂದ ಅರ್ಧ ಮೀಟರಿಗಿಂತ ಹಿಂದಿದ್ದರೆ ಒಮ್ಮೆ ಎಚ್ಚರಿಸಿ. ಮುಂದಿನ ಸಲವೂ ಹಿಂದೆ ಬಿದ್ದರೆ ನಿಲ್ಲಿಸಿ. ಪೂರ್ತಿ ಮುಗಿಸಿದ ಷಟಲ್ ಮಾತ್ರ ಎಣಿಕೆಗೆ. ಎಣಿಕೆ ತಪ್ಪದಿರಲು ಹಂತವಾರು ಚೌಕ ಹಾಕಿದ ಹಾಳೆಯಲ್ಲಿ ಗೀಟು ಹೊಡೆಯಿರಿ. ಹಾಳೆ ಇಲ್ಲವೇ, ಒಂದು ಜೇಬಿನಿಂದ ಇನ್ನೊಂದಕ್ಕೆ ಒಂದೊಂದೇ ತೊಗರಿ ಕಾಳು ದಾಟಿಸಿ. ಕಲಬುರಗಿಯಲ್ಲಿ ಅದಕ್ಕೇನು ಬರವೇ.

ಮೊದಲ ಸಲ ಎಲ್ಲರೂ ಗಲಿಬಿಲಿಯಾಗುತ್ತಾರೆ. ಅರ್ಧ ಗಂಟೆ ವಿಶ್ರಾಂತಿ ಕೊಟ್ಟು ಎರಡನೇ ಸಲ ಮಾಡಿಸಿ, ಹೆಚ್ಚು ಬಂದದ್ದನ್ನು ತೆಗೆದುಕೊಳ್ಳಿ.

ಎರಡೂ ಪರೀಕ್ಷೆಗೆ ಬೇಕಾದ ತಯಾರಿ

ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಮಧ್ಯಾಹ್ನದ ವರಾಂಡದಲ್ಲಿ ಅಳೆದರೆ ನೀವು ಅಳೆದದ್ದು ಬಿಸಿಲನ್ನು. ಎರಡು ಗಂಟೆ ಮೊದಲು ಹಗುರ ತಿಂಡಿ ಆಗಿರಲಿ. ಉಪವಾಸದವರು, ರೋಜಾ ಇರುವವರು ಆ ದಿನ ಬೇಡ, ಬೇರೆ ದಿನ ಕೊಡಿ. ಇನ್‌ಹೇಲರ್, ಬಿಪಿ ಮಾತ್ರೆ ಎಂದಿನಂತೆ. ಮೆಟೊಪ್ರೊಲೊಲ್ ಜಾತಿಯ (ಬೀಟಾ ಬ್ಲಾಕರ್) ಮಾತ್ರೆ ತಗೊಳ್ಳುವವರ ನಾಡಿ ಅಷ್ಟಾಗಿ ಏರುವುದಿಲ್ಲ, ಅದನ್ನು ಹಾಳೆಯಲ್ಲಿ ನಮೂದಿಸಿ.

ಆ ದಿನ ಬೀಡಿ ಕೂಡದು. ಕಾರಣ ಬುದ್ಧಿವಾದವಲ್ಲ, ಯಂತ್ರದ ದೋಷ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನು ಬೆರಳಿನ ಆಕ್ಸಿಮೀಟರ್ ಆಮ್ಲಜನಕ ಹಿಡಿದದ್ದೆಂದೇ ತಿಳಿಯುತ್ತದೆ. ಅಂಕಿ ಚೆನ್ನಾಗಿ ಕಾಣುತ್ತದೆ, ರಕ್ತದಲ್ಲಿ ಆಮ್ಲಜನಕ ಅಷ್ಟಿರುವುದಿಲ್ಲ.

ಆಕ್ಸಿಮೀಟರ್ ಮೋಸ ಮಾಡುವ ದಾರಿ ಇನ್ನೂ ಇವೆ. ಉಗುರಿನ ಬಣ್ಣ, ಗಾಢ ಮೆಹಂದಿ, ಕಲ್ಲುಗಣಿಯಲ್ಲಿ, ಹೊಲದಲ್ಲಿ ದುಡಿದು ದಡ್ಡುಗಟ್ಟಿದ ಬೆರಳು. ಕಪ್ಪು ಚರ್ಮದಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಕಿವಿಯ ಅಥವಾ ಹಣೆಯ ಪ್ರೋಬ್ ಇದ್ದರೆ ಅದೇ ಒಳ್ಳೆಯದು. ಬೆರಳಿನದೇ ಆದರೆ ಆ ಕೈಯನ್ನು ಎದೆಗೆ ಒತ್ತಿ ಹಿಡಿಯಲು ಹೇಳಿ, ಬೀಸಬಾರದು. ಯಂತ್ರ ತೋರಿಸುವ ನಾಡಿಯೂ ನೀವು ಮಣಿಕಟ್ಟಿನಲ್ಲಿ ಎಣಿಸಿದ ನಾಡಿಯೂ ತಾಳೆಯಾಗದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ. ನಿಂತ ತಕ್ಷಣ ಪ್ರೋಬ್ ತೆಗೆಯಬೇಡಿ. ಶ್ವಾಸಕೋಶದಿಂದ ಬೆರಳಿಗೆ ರಕ್ತ ತಲುಪುವಷ್ಟರಲ್ಲಿ ಸಮಯ ಹಿಡಿಯುವುದರಿಂದ ಅತಿ ಕಡಿಮೆ ಅಂಕಿ ಎಷ್ಟೋ ಸಲ ನಿಂತ ಮೇಲೆ ಬರುತ್ತದೆ. ಹತ್ತು ನಿಮಿಷ ನೋಡುತ್ತಿರಿ.

ಕೈಗೆಟಕುವಲ್ಲಿ ಆಮ್ಲಜನಕ ಸಿಲಿಂಡರ್ ಮತ್ತು ಅದರ ಕೀಲಿ, ಮಾಸ್ಕ್, ಸಾಲ್ಬುಟಮಾಲ್, ನಾಲಿಗೆ ಕೆಳಗಿಡುವ ನೈಟ್ರೇಟ್ ಮಾತ್ರೆ, ಆಸ್ಪಿರಿನ್, ಡಿಫಿಬ್ರಿಲೇಟರ್ ಇರಬೇಕು. ಸಿಪಿಆರ್ ಬಲ್ಲವರೂ ಇರಬೇಕು. ಕೀಲಿ ಎಂದು ಬೇರೆಯಾಗಿ ಬರೆಯಲು ಕಾರಣ, ಸಿಲಿಂಡರ್ ಇದ್ದು ಕೀಲಿ ಸ್ಟೋರಿನಲ್ಲಿರುವುದೇ ಹೆಚ್ಚು. ಎದೆನೋವು, ತಲೆಸುತ್ತು, ಮುಖ ಬಿಳಿಚಿ ಬೆವರು, ತೂರಾಡುವುದು, ಆಮ್ಲಜನಕ ಶೇ. 80ಕ್ಕಿಂತ ಕೆಳಗೆ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ.

ಏಕೆ ನಿಂತರು ಎಂದು ಕೇಳಿದರೆ ಎಲ್ಲರ ಉತ್ತರವೂ "ಸುಸ್ತಾತ್ರಿ". ಅದು ಸಾಲದು. "ದಮ್ಮಿಗೋ, ಕಾಲಿಗೋ?" ಎಂದು ಕೆದಕಿ. ದಮ್ಮಿಗೂ ಕಾಲಿಗೂ ಬೇರೆ ಬೇರೆಯಾಗಿ ಬೋರ್ಗ್ ಅಂಕ ಹಾಕಿಸಿ: 0 ಏನೂ ಇಲ್ಲ, 3 ನಡುಮಟ್ಟ, 5 ಜೋರು, 10 ತಡೆಯಲಾರದ್ದು. ಓದು ಬಾರದ ಆಯಿಗೆ ಹತ್ತು ಬೆರಳು ತೋರಿಸಿ "ಇದರಾಗ ಎಷ್ಟು?" ಎಂದರೆ ಸರಿಯಾಗಿ ಹೇಳುತ್ತಾರೆ.

ಅಂಕಿ ಓದುವುದು

22 ಮೀಟರ್ ಎತ್ತರ ಅಥವಾ 400 ಮೀಟರ್ ಷಟಲ್ ದಾಟಿದರೆ ಅಪಾಯ ಕಡಿಮೆ, ಸರ್ಜನ್ ಮುಂದುವರಿಯಬಹುದು. ಅದಕ್ಕಿಂತ ಕಡಿಮೆ ಬಂದರೆ ಮುಂದಿನ ಹೆಜ್ಜೆ ಸಿಪಿಇಟಿ. ಇಟಲಿಯ ಬ್ರುನೆಲ್ಲಿ ಮತ್ತು ಸಂಗಡಿಗರು 2008ರಲ್ಲಿ 640 ರೋಗಿಗಳನ್ನು ನೋಡಿ ಬರೆದದ್ದು: 12 ಮೀಟರ್ ಕೂಡ ಹತ್ತಲಾಗದವರಲ್ಲಿ, 22 ದಾಟಿದವರಿಗಿಂತ ತೊಡಕು ಎರಡು ಪಟ್ಟು, ಸಾವು 13 ಪಟ್ಟು. ಹಾಗಾಗಿ 12ರ ಕೆಳಗೆ ನಿಂತವರ ಫೈಲನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ.

ಷಟಲ್‌ನ ಒಂದು ಗುಣ ತಿಳಿದಿರಲಿ. 400 ದಾಟಿದವರನ್ನು ನಂಬಬಹುದು. ಕಡಿಮೆ ನಡೆದವರನ್ನೆಲ್ಲ ಆಪರೇಷನ್‌ಗೆ ಆಗದವರು ಎಂದು ತಳ್ಳುವಂತಿಲ್ಲ, ಏಕೆಂದರೆ ಕೆಳ ಅಂಕಿಗಳಲ್ಲಿ ಈ ಪರೀಕ್ಷೆ ನಿಜವಾದ ತಾಕತ್ತಿಗಿಂತ ಕಡಿಮೆ ತೋರಿಸುತ್ತದೆ. 220 ಮೀಟರ್ ನಡೆದವರು ಸೈಕಲ್ ಮೇಲೆ ಚೆನ್ನಾಗಿ ತುಳಿದದ್ದೂ ಇರಬಹುದು. "ಇವರಿಗೆ ಆಪರೇಷನ್ ಆಗಂಗಿಲ್ಲ" ಎಂದು ವರಾಂಡದಲ್ಲೇ ತೀರ್ಪು ಕೊಟ್ಟು ಮನೆಗೆ ಕಳಿಸಬೇಡಿ. ವಾಸಿಯಾಗಬಹುದಾದ ಕ್ಯಾನ್ಸರ್ ಅಲ್ಲಿಗೆ ಕೈತಪ್ಪುತ್ತದೆ.

ದೂರ ಸಾಕಷ್ಟಿದ್ದೂ ಆಮ್ಲಜನಕ ಶುರುವಿಗಿಂತ 4 ಅಂಕಕ್ಕಿಂತ ಹೆಚ್ಚು ಬಿದ್ದಿದ್ದರೆ ಅದನ್ನೂ ಬರೆಯಿರಿ. ತೊಡಕಿನ ಸೂಚನೆ ಅದು. ಮೊಣಕಾಲು ನೋವಿಗೆ ನಿಂತವರ ಅಂಕಿ ಶ್ವಾಸಕೋಶದ್ದಲ್ಲ, ಅವರಿಗೆ ಸೈಕಲ್ ಪರೀಕ್ಷೆ ಬೇಕು. ಹಾಗೆಂದು ನಡೆಯಲಾಗದಿರುವುದು ಹಗುರ ವಿಷಯವೂ ಅಲ್ಲ. ಆಪರೇಷನ್ ಆದ ಮರುದಿನ ಎದ್ದು ಓಡಾಡಬೇಕಾದವರು ಅವರೇ.

ಇನ್ನೊಂದು ಎಚ್ಚರಿಕೆ. ಈ ಗಡಿ ಅಂಕಿಗಳೆಲ್ಲ ಹೆಚ್ಚಾಗಿ ಪಶ್ಚಿಮದ ಕ್ಯಾನ್ಸರ್ ರೋಗಿಗಳಿಂದ ಬಂದವು, ಬಹುಪಾಲು ಎದೆ ತೆರೆದು ಮಾಡುವ ಆಪರೇಷನ್ ಕಾಲದವು. ಟಿಬಿಯಿಂದ ಕೆಟ್ಟ ಶ್ವಾಸಕೋಶ ತೆಗೆಯುವ ಮೂವತ್ತರ ಯುವಕನಿಗೂ, ಸಣ್ಣ ರಂಧ್ರದಿಂದ ಲೋಬ್ ತೆಗೆಸಿಕೊಳ್ಳುವವರಿಗೂ ಇವನ್ನು ಅಂದಾಜಾಗಿ ಬಳಸಬೇಕೇ ಹೊರತು ಕಲ್ಲಿನ ಗೆರೆಯಾಗಿ ಅಲ್ಲ.

ಸಿಪಿಇಟಿಗೆ ಕಳಿಸುವಾಗ

ಸೈಕಲ್ ಮೇಲೆ ಕೂರಿಸಿ, ಮಾಸ್ಕ್ ಹಾಕಿ, ಒಳಗೆ ಹೋಗುವ ಆಮ್ಲಜನಕ, ಹೊರಬರುವ ಇಂಗಾಲದ ಡೈಆಕ್ಸೈಡನ್ನು ಉಸಿರುಸಿರಿಗೂ ಅಳೆಯುವ ಪರೀಕ್ಷೆ ಇದು. ಮೂರು ನಿಮಿಷ ಸುಮ್ಮನೆ, ಮೂರು ನಿಮಿಷ ಭಾರವಿಲ್ಲದೆ ತುಳಿತ, ಆಮೇಲೆ ನಿಮಿಷಕ್ಕೆ 5ರಿಂದ 25 ವಾಟ್ ಏರುವ ಭಾರ. 8ರಿಂದ 12 ನಿಮಿಷದಲ್ಲಿ ಸೋಲಬೇಕು. ಸೈಕಲ್ ತುಳಿದೇ ಗೊತ್ತಿಲ್ಲದ ಹೆಂಗಸರಿಗೆ ಒಂದು ವಾರ ಮೊದಲೇ ಫಿಸಿಯೋಥೆರಪಿ ವಿಭಾಗದ ಸೈಕಲ್ಲಿನಲ್ಲಿ ರೂಢಿ ಮಾಡಿಸಿ ಕಳಿಸಿ. ಇಲ್ಲದಿದ್ದರೆ ದಮ್ಮು ಉಳಿದಿರುವಾಗಲೇ ತೊಡೆ ಸೋತು ನಿಲ್ಲುತ್ತಾರೆ.

ವರದಿ ಬಂದಾಗ ಮೊದಲು ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದ ಅಂಕಿ, ಅಂದರೆ ಆರ್‌ಇಆರ್ ನೋಡಿ. 1.1 ಮುಟ್ಟಿದ್ದರೆ ಪೂರ್ತಿ ಶ್ರಮ ಹಾಕಿದ್ದಾರೆ. 0.95ಕ್ಕೇ ನಿಂತಿದ್ದರೆ ವಿಒ2 (ದೇಹ ನಿಮಿಷಕ್ಕೆ ಬಳಸುವ ಆಮ್ಲಜನಕ) ಕಡಿಮೆ ಬಂದದ್ದಕ್ಕೆ ಅರ್ಥ ಕಟ್ಟುವ ಮೊದಲು ಯಾಕೆ ನಿಂತರೆಂದು ಕೇಳಬೇಕು. ಆಮೇಲೆ ಗರಿಷ್ಠ ವಿಒ2: ಕಿಲೋ ತೂಕಕ್ಕೆ ನಿಮಿಷಕ್ಕೆ 20 ಮಿಲಿಗಿಂತ ಹೆಚ್ಚು ಅಥವಾ ಇರಬೇಕಾದ್ದರ ಶೇ. 75ಕ್ಕಿಂತ ಹೆಚ್ಚಿದ್ದರೆ ಅಪಾಯ ಕಡಿಮೆ. 10ರಿಂದ 20, ಶೇ. 35ರಿಂದ 75 ನಡುಮಟ್ಟ; 10ಕ್ಕಿಂತ ಅಥವಾ ಶೇ. 35ಕ್ಕಿಂತ ಕಡಿಮೆ ಇದ್ದರೆ ಅಪಾಯ ಹೆಚ್ಚು, ಚಿಕ್ಕ ಆಪರೇಷನ್ ಅಥವಾ ರೇಡಿಯೇಷನ್ ದಾರಿ ಯೋಚಿಸಬೇಕು. ಜೊತೆಗೆ ವಿಇ/ವಿಸಿಒ2 ಇಳಿಜಾರು (ಇಂಗಾಲದ ಡೈಆಕ್ಸೈಡ್ ಹೊರಹಾಕಲು ಎಷ್ಟು ಉಸಿರಾಡಬೇಕಾಗುತ್ತದೆ ಎಂಬ ಅಳತೆ) 35 ಮೀರಿದ್ದರೆ ಉಸಿರಾಟದ ತೊಡಕು ಹೆಚ್ಚು.

ಕಿಲೋ ಲೆಕ್ಕ ಸಣಕಲು ದೇಹದವರಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ. ಟಿಬಿಯಿಂದ 42 ಕಿಲೋಗೆ ಇಳಿದವರ ವಿಒ2 ನಿಮಿಷಕ್ಕೆ 660 ಮಿಲಿ ಇದ್ದರೂ ಭಾಗಿಸಿದಾಗ 15.7 ಬರುತ್ತದೆ, ನೋಡಲು ಚೆನ್ನ. 80 ಕಿಲೋ ಹೆಂಗಸಿನದು 1040 ಇದ್ದರೂ 13. ಶೇಕಡಾವಾರು ಅಂಕಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿ.

ದಿನ ಸಿಗುವವರೆಗೆ ರೋಗಿ ಸುಮ್ಮನೆ ಕೂರಬೇಕಿಲ್ಲ. ಬೀಡಿ ಬಿಡುವುದು, ರಕ್ತಹೀನತೆಗೆ ಔಷಧಿ, ಮೊಟ್ಟೆಯೋ ಬೇಳೆಯೋ ಹೆಚ್ಚಿಗೆ, ದಿನವೂ ಮಾತಾಡಲು ಆಗುವಷ್ಟು ಏದುಸಿರಿನ ನಡಿಗೆ, ಮೂರು ಚೆಂಡಿನ ಸ್ಪೈರೋಮೀಟರ್. ಎರಡರಿಂದ ನಾಲ್ಕು ವಾರದಲ್ಲಿ ಮೀಟರ್ ಏರುವುದು ಕಾಣುತ್ತದೆ. ಕ್ಯಾನ್ಸರ್ ಆದರೆ ಇದರ ನೆಪದಲ್ಲಿ ಆಪರೇಷನ್ ದಿನ ಮುಂದೆ ಹಾಕಬೇಡಿ.

ಫೈಲಿನಲ್ಲಿ ಬರೆಯುವುದು

ಹೀಗಿರಲಿ: "ಗಂಡು, 58 ವರ್ಷ, 54 ಕಿಲೋ, ಹಿಮೋಗ್ಲೋಬಿನ್ 11.2. ಬಲ ಮೇಲಿನ ಲೋಬ್ ತೆಗೆಯುವ ಉದ್ದೇಶ. ಉಳಿಯುವ ಎಫ್‌ಇವಿ1 ಶೇ. 52, ಡಿಎಲ್‌ಸಿಒ ಶೇ. 46. ಷಟಲ್, ಕೋನ್ ಅಂತರ 9 ಮೀಟರ್, ಬೆಳಗ್ಗೆ 7.40. ಮೊದಲ ಸಲ 310 ಮೀಟರ್, ಎರಡನೇ ಸಲ 340. ಆಮ್ಲಜನಕ 96ರಿಂದ 91, ಅತಿ ಕಡಿಮೆ ನಿಂತು 20 ಸೆಕೆಂಡಿಗೆ. ನಾಡಿ 88ರಿಂದ 138. ಬೋರ್ಗ್: ಉಸಿರು 5, ಕಾಲು 7. ಕಾಲು ಸೋತು ನಿಂತರು. ಎದೆನೋವಿಲ್ಲ. ಬೀಟಾ ಬ್ಲಾಕರ್ ಇಲ್ಲ. ಸಿಪಿಇಟಿ ಬೇಕು."

ಇದನ್ನು ಓದಿದ ಸರ್ಜನ್‌ಗೆ 400 ಮುಟ್ಟದಿದ್ದದ್ದು ಕಾಲಿನಿಂದ ಎಂದು ಗೊತ್ತಾಗುತ್ತದೆ, ಆದರೂ ಆಮ್ಲಜನಕ 5 ಅಂಕ ಬಿದ್ದದ್ದರಿಂದ ಕಾಲಿನ ಮೇಲೆ ಎಲ್ಲ ಹೊರೆ ಹಾಕಿ ಸುಮ್ಮನಾಗಲಾಗದು ಎಂಬುದೂ ಗೊತ್ತಾಗುತ್ತದೆ. ದೂರದಿಂದ ವಿಒ2 ಅಂದಾಜು ಮಾಡುವ ಸೂತ್ರವಿದೆ, 4.19 ಕೂಡಿಸು ಮೀಟರ್ × 0.025, ಇಲ್ಲಿ 12.7 ಬರುತ್ತದೆ. ಬರೆದರೆ ಅಂದಾಜು ಎಂದೇ ಬರೆಯಿರಿ, ಅಳೆದದ್ದೆಂಬಂತೆ ಅಲ್ಲ.

ಮೂಲ ಹಾಳೆ ರೋಗಿಯ ಕೈಯಲ್ಲಿ, ನಕಲು ನಿಮ್ಮ ರಿಜಿಸ್ಟರಿನಲ್ಲಿ. ಪರೀಕ್ಷೆ ಆದ ಮೇಲೆ ಜ್ವರ ಬಂದು ಹೋಗಿದ್ದರೆ, ಕಫದಲ್ಲಿ ರಕ್ತ ಕಂಡಿದ್ದರೆ, ಕೀಮೊ ಆಗಿದ್ದರೆ ಹಳೆಯ ಮೀಟರ್ ಕಳಿಸಬೇಡಿ. ಚೇತರಿಸಿಕೊಂಡು ನಡೆಸಬಹುದು ಎಂದು ವೈದ್ಯರು ಹೇಳಿದ ಮೇಲೆ ಹೊಸದಾಗಿ ಕೋನ್ ಇಟ್ಟು ನಡೆಸಿ.